ಮೂರು ಬೆರಳು, ಎರಡು ಸಂಬಳದ ಲೆಕ್ಕ: ಒಂದು ಇಎಸ್‌ಐ ಅಂಗವಿಕಲತೆ ಪ್ರಕರಣದ ಅಧ್ಯಯನ

ಕೆಲಸದ ಜಾಗದಲ್ಲಿ ಅಂಗ ಊನವಾದ ಕಾರ್ಮಿಕನಿಗೆ ಇಎಸ್‌ಐನಿಂದ (ನೌಕರರ ರಾಜ್ಯ ವಿಮಾ ಯೋಜನೆಯಿಂದ) ತಿಂಗಳು ತಿಂಗಳು ಎಷ್ಟು ಹಣ ಬರುತ್ತದೆ ಎಂಬುದನ್ನು ಎರಡು ಅಂಕಿ ತೀರ್ಮಾನಿಸುತ್ತವೆ. ಒಂದು, ಮೆಡಿಕಲ್ ಬೋರ್ಡ್ ಕೊಡುವ ಅಂಗವಿಕಲತೆಯ ಶೇಕಡಾವಾರು. ಇನ್ನೊಂದು, ದಾಖಲೆಯಲ್ಲಿರುವ ಸರಾಸರಿ ದಿನಗೂಲಿ. ಹೆಚ್ಚಿನವರು ಮೊದಲನೆಯದಕ್ಕಷ್ಟೇ ಹೋರಾಡುತ್ತಾರೆ, ಎರಡನೆಯದು ತಪ್ಪಾಗಿದ್ದರೂ ಗಮನಿಸುವುದಿಲ್ಲ. ಈ ಪ್ರಕರಣದಲ್ಲಿ ಎರಡೂ ತಪ್ಪಾಗಿದ್ದವು. ಅದಕ್ಕೂ ಮೊದಲು, ಅಪಘಾತ ಕಾರ್ಖಾನೆಯಲ್ಲಿ ಆಯಿತೇ ಇಲ್ಲವೇ ಎಂಬುದೇ ವಿವಾದವಾಗಿತ್ತು.

ಗುರುತು ಸಿಗಬಾರದೆಂದು ತಾರೀಖು, ವಯಸ್ಸು, ಮೊತ್ತಗಳನ್ನು ಬದಲಿಸಿದೆ. ಲೆಕ್ಕದ ಕ್ರಮವನ್ನೂ ಕಾನೂನಿನ ಪ್ರಶ್ನೆಗಳನ್ನೂ ಬದಲಿಸಿಲ್ಲ. ಆಗ ಜಾರಿಯಲ್ಲಿದ್ದದ್ದು 1948ರ ನೌಕರರ ರಾಜ್ಯ ವಿಮಾ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ವೇತನದ ವ್ಯಾಖ್ಯೆಯೂ ಬದಲಾಗಿದೆ. ಹೊಸದಾಗಿ ಅರ್ಜಿ ಬರೆಯುವವರು ಇಲ್ಲಿನ ಸಂಖ್ಯೆಗಳನ್ನು ಹಾಗೇ ಇಳಿಸಿಕೊಳ್ಳಬಾರದು.

ಹಿನ್ನೆಲೆ

ಬೆಂಗಳೂರಿನ ಪೀಣ್ಯದಲ್ಲಿ ಶೀಟ್ ಮೆಟಲ್ ಬಿಡಿಭಾಗ ಒತ್ತುವ ಒಂದು ಘಟಕ, 26 ಜನ ಕೆಲಸಗಾರರು. ಅಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ 35 ವರ್ಷದ ಆಪರೇಟರ್ 2018ರ ನವೆಂಬರ್‌ನಲ್ಲಿ ಕೆಲಸಕ್ಕೆ ಸೇರಿದ್ದರು. ಮೊದಲ ಎರಡು ವರ್ಷಕ್ಕೂ ಹೆಚ್ಚು ಕಾಲ ಸಂಬಳ ಕೈಗೆ ನಗದು. 2021ರ ಏಪ್ರಿಲ್‌ನಿಂದ ಬ್ಯಾಂಕ್ ಖಾತೆಗೆ ಬರತೊಡಗಿತು, ಅದೂ ಪ್ರತಿ ತಿಂಗಳು ಎರಡು ಕಂತಿನಲ್ಲಿ: ಸಂಬಳವೆಂದು 12,600 ರೂಪಾಯಿ, ಅದಾದ ನಾಲ್ಕೈದು ದಿನಕ್ಕೆ 'ಪ್ರೊಡಕ್ಷನ್ ಇನ್ಸೆಂಟಿವ್' ಎಂದು 3,600 ರೂಪಾಯಿ. ಒಟ್ಟು 16,200.

ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಪ್ರತಿಯೊಬ್ಬರೂ ವಿಮೆಗೆ ಒಳಪಡಬೇಕು. ವಿಮೆಯ ವಂತಿಗೆಯಲ್ಲಿ ಮಾಲೀಕರ ಪಾಲು ಸಂಬಳದ ಶೇ. 3.25, ಕಾರ್ಮಿಕರ ಪಾಲು ಶೇ. 0.75. ಈ ಘಟಕ 12 ಜನರನ್ನಷ್ಟೇ ನೋಂದಾಯಿಸಿ ಉಳಿದ 14 ಜನರನ್ನು ಹೊರಗಿಟ್ಟಿತ್ತು. ಆಪರೇಟರ್ ಆ 14ರಲ್ಲಿ ಒಬ್ಬರು.

2022ರ ಜುಲೈನ ಒಂದು ರಾತ್ರಿ ಪಾಳಿ. ಪ್ರೆಸ್ಸಿಗೆ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಜೋಡಿ ಬಟನ್ ಇತ್ತು. ಒಂದು ಕೈಯಲ್ಲಿ ಪೀಸ್ ಇಡುತ್ತಲೇ ಇನ್ನೊಂದು ಕೈಯಲ್ಲಿ ಒತ್ತಿದರೆ ಗಂಟೆಗೆ ಹೆಚ್ಚು ಪೀಸ್ ಬರುತ್ತವೆ ಎಂದು ಒಂದು ಬಟನ್ನನ್ನು ಒತ್ತಿದ ಸ್ಥಿತಿಯಲ್ಲೇ ಟೇಪ್ ಸುತ್ತಿ ಬಿಟ್ಟಿದ್ದರು. ಸಿಕ್ಕಿಕೊಂಡ ಪೀಸನ್ನು ಬಲಗೈಯಲ್ಲಿ ತೆಗೆಯುವಾಗ ಪ್ರೆಸ್ಸಿನ ಒತ್ತುವ ಭಾಗವಾದ ರ‍್ಯಾಮ್ ಇಳಿಯಿತು. ತೋರುಬೆರಳು, ನಡುಬೆರಳು ಎರಡರಲ್ಲೂ ಮೇಲಿನ ಎರಡೆರಡು ಗೆಣ್ಣು ಹೋದವು. ಉಂಗುರ ಬೆರಳು ಕತ್ತರಿಸಲಿಲ್ಲ, ಆದರೆ ಜಜ್ಜಿಹೋಯಿತು.

ಮೊದಲ ರಾತ್ರಿ ಹುಟ್ಟಿದ ಕಾಗದಗಳು

ಸೂಪರ್‌ವೈಸರ್ ಆಟೋದಲ್ಲಿ ಹತ್ತಿರದ ಖಾಸಗಿ ನರ್ಸಿಂಗ್ ಹೋಮ್‌ಗೆ ಕರೆದೊಯ್ದರು. ದಾರಿಯಲ್ಲಿ ಹೇಳಿಕೊಟ್ಟ ಮಾತು ಇಷ್ಟೇ: "ಮನೇಲಿ ಆಯ್ತು ಅಂತ ಹೇಳಿ, ಖರ್ಚೆಲ್ಲ ನಾವು ನೋಡ್ಕೋತೀವಿ." ದಾಖಲಾತಿ ಹಾಳೆಯಲ್ಲಿ 'ಮನೆಯ ಕಬ್ಬಿಣದ ಗೇಟಿಗೆ ಸಿಕ್ಕಿ ಗಾಯ' ಎಂದು ಬರೆಯಲಾಯಿತು. ಮರುದಿನ ಬೆಳಗ್ಗೆ ಘಟಕ ಇಎಸ್‌ಐ ಪೋರ್ಟಲ್‌ನಲ್ಲಿ ಅವರ ಹೆಸರು ನೋಂದಾಯಿಸಿ, ಹಿಂದಿನ ದಿನವೇ ಕೆಲಸಕ್ಕೆ ಸೇರಿದರೆಂದು ತೋರಿಸಿತು. ಸಂಬಳ ಎಂದು ಕೊಟ್ಟ ಅಂಕಿ 12,600.

ಮೂರನೇ ದಿನ ಆಪರೇಟರ್ ಅವರ ಭಾಮೈದ ಊರಿನಿಂದ ಬಂದರು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿ ಇಎಸ್‌ಐ ಬಲ್ಲವರು. ಅವರೇ ಹಟ ಹಿಡಿದು ಭಾವನನ್ನು ಇಎಸ್‌ಐ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಹೇಗಾಯಿತೆಂದು ಕೇಳಿದಾಗ ಆಪರೇಟರ್ ನಿಜ ಹೇಳಿದರು, ವೈದ್ಯರು 'ಪವರ್ ಪ್ರೆಸ್' ಎಂದೇ ಬರೆದುಕೊಂಡರು. ಮುಂದಿನದೆಲ್ಲ ನಿಂತದ್ದು ಈ ಒಂದು ನಮೂದಿನ ಮೇಲೆ. ವಾರಗಟ್ಟಲೆ ಕಳೆದ ಮೇಲೆ ಹೇಳಿದ ಮಾತಾಗಿದ್ದರೆ ಅದಕ್ಕೆ ಈ ತೂಕ ಇರುತ್ತಿರಲಿಲ್ಲ.

ಇಂಥ ಗಂಭೀರ ಅಪಘಾತದ ವರದಿಯನ್ನು ಮಾಲೀಕರು ಕೂಡಲೇ ಸಲ್ಲಿಸಬೇಕು. ಇಲ್ಲಿ ಅದು ಹೋದದ್ದು ಒಂಬತ್ತನೇ ದಿನ. ಮಾಲೀಕರು ಕಳಿಸಲಿಲ್ಲವೆಂದು ಕಾರ್ಮಿಕರು ಕೈಕಟ್ಟಿ ಕೂರಬೇಕಿಲ್ಲ. ಆಪರೇಟರ್ ತಾವೇ ಇಎಸ್‌ಐ ಶಾಖಾ ಕಚೇರಿಯ ಮ್ಯಾನೇಜರ್‌ಗೆ ಒಂದು ಪುಟದ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು: ತಾರೀಖು, ಪಾಳಿ, ಯಂತ್ರ, ಪಕ್ಕದಲ್ಲಿದ್ದ ಇಬ್ಬರ ಹೆಸರು, ಕರೆದೊಯ್ದವರು ಯಾರು, ಮೊದಲ ಆಸ್ಪತ್ರೆಯಲ್ಲಿ ತಪ್ಪು ಬರೆಸಿದ್ದು ಹೇಗೆ. ಈ ಕೊನೆಯ ಅಂಶವನ್ನು ಬಚ್ಚಿಡದೆ ಮೊದಲ ಪತ್ರದಲ್ಲೇ ಹೇಳಿದ್ದು ಸರಿಯಾದ ನಿರ್ಧಾರ. ನರ್ಸಿಂಗ್ ಹೋಮ್ ಹಾಳೆ ಹೇಗೂ ಕಚೇರಿಯ ಕೈಗೆ ಬರುತ್ತಿತ್ತು. ಆಗ ವಿವರಣೆ ಕೊಡುವುದು ಬೇರೆ, ಮೊದಲೇ ಕೊಟ್ಟಿರುವುದು ಬೇರೆ.

ಎರಡು ಆಮಿಷ

ಮೊದಲನೆಯದು ಘಟಕದಿಂದ ಬಂತು. 1,50,000 ರೂಪಾಯಿ ನಗದು, ಪ್ರತಿಯಾಗಿ ಛಾಪಾ ಕಾಗದದ ಮೇಲೆ ರಾಜಿ ಪತ್ರ ಮತ್ತು ರಾಜೀನಾಮೆ. ಪತ್ರದ ಮೂರನೇ ಪ್ಯಾರಾದಲ್ಲಿ ಅಪಘಾತ 'ನನ್ನ ಮನೆಯಲ್ಲಿ, ನನ್ನ ಅಜಾಗರೂಕತೆಯಿಂದ' ಆಯಿತೆಂದು ಬರೆದಿತ್ತು. ಇಂಥ ಪತ್ರ ಇಎಸ್‌ಐ ಹಕ್ಕನ್ನು ನೇರವಾಗಿ ಕಿತ್ತುಕೊಳ್ಳಲಾರದು, ಆ ಹಕ್ಕು ಇಎಸ್‌ಐ ನಿಗಮದ ವಿರುದ್ಧ ಇರುವಂಥದ್ದು. ಅಪಾಯ ಇದ್ದದ್ದು ಆ ಮೂರನೇ ಪ್ಯಾರಾದಲ್ಲಿ. ಅದಕ್ಕೆ ಸಹಿ ಬಿದ್ದಿದ್ದರೆ ಸ್ವಂತ ಕೈಬರಹದ ತಪ್ಪೊಪ್ಪಿಗೆಯಾಗಿ ಶಾಖಾ ಕಚೇರಿಯ ಕಡತ ಸೇರುತ್ತಿತ್ತು. ಅವರು ಸಹಿ ಹಾಕಲಿಲ್ಲ. ಪತ್ರದ ಫೋಟೊ ತೆಗೆದಿಟ್ಟುಕೊಂಡರು. ಮನೆಯಲ್ಲಿ ಬೆರಳು ಕಳೆದುಕೊಂಡವರಿಗೆ ಕಾರ್ಖಾನೆ ಒಂದೂವರೆ ಲಕ್ಷ ಕೊಡಲು ಮುಂದಾದದ್ದು ಏಕೆ ಎಂಬ ಪ್ರಶ್ನೆಗೆ ಘಟಕ ಕೊನೆಯವರೆಗೂ ಉತ್ತರ ಕೊಡಲಾಗಲಿಲ್ಲ.

ಎರಡನೆಯದು ಒಳ್ಳೆಯ ಉದ್ದೇಶದ ಸಲಹೆ, ಹಾಗಾಗಿ ಇನ್ನೂ ಕಷ್ಟದ್ದು. ನೌಕರರ ಪರಿಹಾರ ಕಾಯ್ದೆ, 1923ರ ಅಡಿ ಕೇಸ್ ಹಾಕಿದರೆ ಒಂದೇ ಗಂಟಿನಲ್ಲಿ ದೊಡ್ಡ ಮೊತ್ತ ಸಿಗುತ್ತದೆ ಎಂದು ಒಬ್ಬ ವಕೀಲರು ಹೇಳಿದರು. ಲೆಕ್ಕವೇನೋ ಸರಿ. 2020ರ ಜನವರಿ 3ರಿಂದ ಆ ಕಾಯ್ದೆಯ ವೇತನ ಮಿತಿ 15,000, ಅದರ ಶೇ. 60 ಎಂದರೆ 9,000. 35 ವರ್ಷಕ್ಕೆ ಅನುಸೂಚಿಯಲ್ಲಿರುವ ಗುಣಕ 197.06. ಮೂರು ಬೆರಳಿಗೆ ಶೇ. 30 ಹಿಡಿದರೆ 5,32,062 ರೂಪಾಯಿ.

ಆದರೆ ಆ ಬಾಗಿಲು ಅವರಿಗೆ ಮುಚ್ಚಿತ್ತು. ಇಎಸ್‌ಐ ಕಾಯ್ದೆಯ 53ನೇ ಕಲಂ ಪ್ರಕಾರ ವಿಮೆಗೆ ಒಳಪಟ್ಟವರು ಅದೇ ಗಾಯಕ್ಕೆ 1923ರ ಕಾಯ್ದೆಯಲ್ಲಾಗಲಿ ಬೇರೆ ಕಾನೂನಿನಲ್ಲಾಗಲಿ ಪರಿಹಾರ ಕೇಳುವಂತಿಲ್ಲ. 1997ರಲ್ಲಿ ವೆಸ್ಟರ್ನ್ ಇಂಡಿಯಾ ಪ್ಲೈವುಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ನಷ್ಟಭರ್ತಿ ದಾವೆಗೂ ಈ ತಡೆ ಅನ್ವಯ ಎಂದಿತು. "ನನ್ನ ಹೆಸರಿನಲ್ಲಿ ವಂತಿಗೆಯನ್ನೇ ಕಟ್ಟಿರಲಿಲ್ಲ, ನಾನು ಹೇಗೆ ವಿಮೆಯವನಾದೆ?" ಎಂಬ ಪ್ರಶ್ನೆ ಸಹಜ. ಅದಕ್ಕೆ 2003ರ ಭರಾಗತ್ ಎಂಜಿನಿಯರಿಂಗ್ ತೀರ್ಪಿನಲ್ಲಿ ಉತ್ತರವಿದೆ. ವಂತಿಗೆ ಕಟ್ಟುವುದು ಮಾಲೀಕರ ಹೊಣೆ. ಅವರು ಕಟ್ಟದಿದ್ದರೂ ಕಾಯ್ದೆಗೆ ಒಳಪಡುವ ನೌಕರ ವಿಮೆಗೆ ಒಳಪಟ್ಟವನೇ. ಇದು ಒಂದು ಬಾಗಿಲನ್ನು ಮುಚ್ಚುತ್ತದೆ, ನಿಜ. ಆದರೆ ಇನ್ನೊಂದನ್ನು ಅಷ್ಟೇ ಗಟ್ಟಿಯಾಗಿ ತೆರೆಯುತ್ತದೆ: ವಂತಿಗೆ ಬಂದಿಲ್ಲವೆಂದು ನಿಗಮವೂ ಕೈತೊಳೆದುಕೊಳ್ಳುವಂತಿಲ್ಲ. ಸೌಲಭ್ಯ ಕೊಟ್ಟು, 68ನೇ ಕಲಮಿನಡಿ ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು. ಕಾಯಿಲೆ ಭತ್ಯೆಗೆ ಇಂತಿಷ್ಟು ದಿನ ವಂತಿಗೆ ಬಂದಿರಬೇಕೆಂಬ ಷರತ್ತಿದೆ; ಕೆಲಸದ ಗಾಯಕ್ಕೆ ಅದೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕಿದೆ.

ನಷ್ಟವಾಯಿತೇ ಎಂದು ನೋಡಲು ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಲಾಯಿತು. 16,200 ರೂಪಾಯಿಗೆ ದಿನಗೂಲಿ 540. ಭತ್ಯೆಯ ದರ ಅದರ ಶೇ. 90, ಎಂದರೆ 486. ಶೇ. 30 ಅಂಗವಿಕಲತೆಗೆ ದಿನಕ್ಕೆ 145.80, ವರ್ಷಕ್ಕೆ 53,217 ರೂಪಾಯಿ. ವಕೀಲರು ಹೇಳಿದ 5,32,062 ಹತ್ತು ವರ್ಷದಲ್ಲಿ ತುಂಬುತ್ತದೆ, ಹಣ ಬರುವುದು ಜೀವಮಾನವಿಡೀ. ಘಟಕದ ಒಂದೂವರೆ ಲಕ್ಷ ಮೂರು ವರ್ಷದ ಭತ್ಯೆಗೂ ಸಮವಲ್ಲ. ಬೇರೆ ಕೆಲಸಕ್ಕೆ ಸೇರಿ ಸಂಬಳ ಪಡೆದರೂ ಶಾಶ್ವತ ಅಂಗವಿಕಲತೆ ಭತ್ಯೆ ನಿಲ್ಲುವುದಿಲ್ಲ. ಈ ಕೊನೆಯ ಮಾತು ತಿಳಿದ ಮೇಲೆಯೇ ಆಪರೇಟರ್ ಮನಸ್ಸು ಗಟ್ಟಿಯಾದದ್ದು. ಇಎಸ್‌ಐ ಹಣ ತೆಗೆದುಕೊಂಡರೆ ಇನ್ನೆಲ್ಲೂ ದುಡಿಯುವಂತಿಲ್ಲ ಎಂದು ಅವರಿಗೆ ಯಾರೋ ಹೆದರಿಸಿದ್ದರು.

ಕೆಲಸದ ಗಾಯವೆಂದು ಒಪ್ಪಿಸಿದ್ದು

ಶಾಖಾ ಕಚೇರಿ ಮೊದಲು ಹಣ ತಡೆಹಿಡಿಯಿತು. ಅಪಘಾತದ ಮರುದಿನ ನೋಂದಣಿ, ಮೊದಲ ಆಸ್ಪತ್ರೆಯಲ್ಲಿ ಮನೆ ಗೇಟು. ಯಾವ ಅಧಿಕಾರಿಗಾದರೂ ಅನುಮಾನ ಬರುವಂಥದ್ದೇ. 51ಎ ಕಲಮಿನಲ್ಲಿ ಕಾರ್ಮಿಕರ ಪರ ಒಂದು ಊಹೆ ಇದೆ: ಕೆಲಸದ ವೇಳೆಯಲ್ಲಿ ಆದ ಅಪಘಾತ ಕೆಲಸದಿಂದಲೇ ಆಯಿತೆಂದು, ವಿರುದ್ಧ ಪುರಾವೆ ಇಲ್ಲದಿದ್ದರೆ, ಭಾವಿಸಬೇಕು. ಆದರೆ ಕೆಲಸದ ವೇಳೆಯಲ್ಲಿ ಆಯಿತೆಂಬುದನ್ನು ಕಾರ್ಮಿಕರೇ ತೋರಿಸಬೇಕು. ಊಹೆಯನ್ನು ನಂಬಿ ಪುರಾವೆ ಕೂಡಿಸದೆ ಹೋಗುವುದು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಇಲ್ಲಿ ಕೂಡಿಸಿದ್ದು ನಾಲ್ಕು. ಆ ರಾತ್ರಿ ಪಾಳಿಗೆ ಯಾರು ಯಾವ ಯಂತ್ರ ಎಂದು ಸೂಪರ್‌ವೈಸರ್ ಕಳಿಸಿದ್ದ ವಾಟ್ಸ್ಆ್ಯಪ್ ಸಂದೇಶ. ನರ್ಸಿಂಗ್ ಹೋಮ್ ಬಿಲ್ ಘಟಕದ ಕರೆಂಟ್ ಖಾತೆಯಿಂದ ಪಾವತಿಯಾಗಿದ್ದ ರಸೀದಿ. 2021ರ ಏಪ್ರಿಲ್‌ನಿಂದಿನ ಬ್ಯಾಂಕ್ ಪಾಸ್‌ಬುಕ್ ನಮೂದುಗಳು. ನಾಲ್ಕನೆಯದು ಯಾರೂ ನಿರೀಕ್ಷಿಸದೆ ಸಿಕ್ಕಿದ್ದು: ನರ್ಸಿಂಗ್ ಹೋಮ್‌ನದೇ ಶಸ್ತ್ರಚಿಕಿತ್ಸೆಯ ಟಿಪ್ಪಣಿ. ದಾಖಲಾತಿ ಹಾಳೆ ಬರೆದವರು ಗೇಟು ಎಂದಿದ್ದರೂ, ಗಾಯ ತೊಳೆದ ಸರ್ಜನ್ ಗ್ರೀಸ್ ಮತ್ತು ಲೋಹದ ಸಣ್ಣ ಚೂರು ತೆಗೆದದ್ದನ್ನು, ಎರಡು ಬೆರಳೂ ಒಂದೇ ಓರೆ ಗೆರೆಯಲ್ಲಿ ತುಂಡಾಗಿದ್ದನ್ನು ಬರೆದಿಟ್ಟಿದ್ದರು. ಮನೆ ಗೇಟಿನಲ್ಲಿ ಅಂಥ ಗೆರೆ ಬೀಳುವುದಿಲ್ಲ, ಪ್ರೆಸ್ಸಿನ ಡೈ (ಅಚ್ಚು) ಅಂಚಿನಲ್ಲಿ ಬೀಳುತ್ತದೆ. ಡಿಸ್ಚಾರ್ಜ್ ಸಾರಾಂಶ ಒಂದನ್ನೇ ಇಸಿದುಕೊಂಡು ಬರುವವರು ಈ ಟಿಪ್ಪಣಿಯನ್ನು ಕಾಣುವುದೇ ಇಲ್ಲ. ಕೇಸ್ ಶೀಟ್‌ನ ಪೂರ್ತಿ ನಕಲು ಬೇಕೆಂದು ಲಿಖಿತವಾಗಿ ಕೇಳಬೇಕು.

ನಿಗಮದ ಸಾಮಾಜಿಕ ಭದ್ರತಾ ಅಧಿಕಾರಿ ಘಟಕಕ್ಕೆ ತಪಾಸಣೆಗೆ ಹೋದಾಗ ಘಟಕ ನಿಲುವು ಬದಲಿಸಿತು. ಅಪಘಾತ ಇಲ್ಲೇ ಆಯಿತು, ಆದರೆ ಬಟನ್‌ಗೆ ಟೇಪ್ ಸುತ್ತಿದ್ದು ಆತನೇ, ಸುರಕ್ಷತಾ ನಿಯಮ ಮುರಿದದ್ದು ಆತನ ತಪ್ಪು ಎಂದಿತು. ಇದು ಆಪರೇಟರ್‌ಗೆ ಸಿಕ್ಕ ದೊಡ್ಡ ತಿರುವು. ಸ್ಥಳದ ವಿವಾದ ಅಲ್ಲಿಗೆ ಮುಗಿಯಿತು. ಉಳಿದ ತಪ್ಪಿನ ಆರೋಪಕ್ಕೆ 51ಬಿ ಕಲಂ ಉತ್ತರ ಕೊಡುತ್ತದೆ: ನಿಯಮ ಮುರಿದಿದ್ದರೂ, ಮಾಡಿದ ಕೆಲಸ ಮಾಲೀಕರ ವ್ಯವಹಾರಕ್ಕಾಗಿಯೇ ಆಗಿದ್ದರೆ ಅದು ಕೆಲಸದ ಗಾಯವೇ. ಪೀಸ್ ಒತ್ತುತ್ತಿದ್ದದ್ದು ಕಾರ್ಖಾನೆಯ ಆರ್ಡರಿಗೇ. ಬ್ಯಾಂಕ್ ನಮೂದುಗಳ ಮೇಲೆ 2021ರ ಏಪ್ರಿಲ್‌ನಿಂದ ಕೆಲಸದಲ್ಲಿದ್ದರೆಂದು ಅಧಿಕಾರಿ ವರದಿ ಬರೆದರು. ಉಳಿದ 13 ಜನರ ನೋಂದಣಿಯೂ ಅದೇ ಏಟಿಗೆ ಆಯಿತು.

118 ದಿನಗಳ ತಾತ್ಕಾಲಿಕ ಅಂಗವಿಕಲತೆ ಭತ್ಯೆ ಬಂತು, ಆದರೆ 12,600ರ ಮೇಲೆ. ದಿನಗೂಲಿ 420, ಅದರ ಶೇ. 90 ಎಂದರೆ 378, ಒಟ್ಟು 44,604. ಇನ್ಸೆಂಟಿವ್ ಸಂಬಳವಲ್ಲ ಎಂದು ಘಟಕ ಹೇಳಿತು, ಕಚೇರಿ ಒಪ್ಪಿತು. ಕೆಲಸದ ಗಾಯ ಎಂದು ಒಪ್ಪಿದ್ದೇ ದೊಡ್ಡದೆಂದು ಆ ಹೊತ್ತಿಗೆ ಯಾರೂ ತಕರಾರು ಎತ್ತಲಿಲ್ಲ. ಆಗಲೇ ಒಂದು ಆಕ್ಷೇಪಣಾ ಪತ್ರ ಕೊಟ್ಟಿದ್ದರೆ ಮುಂದೆ ನ್ಯಾಯಾಲಯದಲ್ಲಿ "ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ" ಎಂಬ ಪ್ರಶ್ನೆ ಎದುರಾಗುತ್ತಿರಲಿಲ್ಲ.

ಬೋರ್ಡಿನ ಶೇ. 20

ಕೆಲಸಕ್ಕೆ ಮರಳಬಹುದೆಂಬ ವೈದ್ಯರ ಅಂತಿಮ ಪ್ರಮಾಣಪತ್ರ ಸಿಕ್ಕ ಮೇಲೆ, 2023ರ ಫೆಬ್ರುವರಿಯಲ್ಲಿ ಮೆಡಿಕಲ್ ಬೋರ್ಡ್ ಪರೀಕ್ಷೆ ಮಾಡಿತು. ಕಾಯ್ದೆಯ ಎರಡನೇ ಅನುಸೂಚಿಯ ಎರಡನೇ ಭಾಗದಲ್ಲಿ ಯಾವ ಅಂಗಕ್ಕೆ ಎಷ್ಟು ಎಂಬ ಪಟ್ಟಿ ಇದೆ. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣಿಗೆ 11, ಒಂದಕ್ಕೆ 9. ನಡುಬೆರಳಿಗೆ ಕ್ರಮವಾಗಿ 12, 9, 7. ಉಂಗುರ ಅಥವಾ ಕಿರುಬೆರಳಿಗೆ 7, 6, 5. ಒಂದೇ ಕೈಯ ಮೂರು ಬೆರಳು ಹೋದರೆ 30. ಬೋರ್ಡ್ 11 ಮತ್ತು 9 ಕೂಡಿಸಿ ಶೇ. 20 ಬರೆಯಿತು. ಉಂಗುರ ಬೆರಳು ಕೈಯಲ್ಲೇ ಇದ್ದದ್ದರಿಂದ ಅದಕ್ಕೆ ಸೊನ್ನೆ.

ಆ ಬೆರಳು ಇತ್ತು, ಆದರೆ ಕೊಕ್ಕೆಯಂತೆ ಬಾಗಿ ಸೆಟೆದುಕೊಂಡಿತ್ತು. ಅನುಸೂಚಿಯ ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ ಇದೆ: ಯಾವುದೇ ಅಂಗದ ಬಳಕೆ ಸಂಪೂರ್ಣವಾಗಿ ಹಾಗೂ ಶಾಶ್ವತವಾಗಿ ತಪ್ಪಿದ್ದರೆ ಅದು ಆ ಅಂಗವೇ ಹೋದದ್ದಕ್ಕೆ ಸಮ. ಪಟ್ಟಿಯ ಅಂಕಿಗಳನ್ನು ಬಾಯಿಪಾಠ ಹೇಳುವವರು ಕೂಡ ಈ ಟಿಪ್ಪಣಿಯನ್ನು ಓದಿರುವುದಿಲ್ಲ.

ಅದನ್ನು ಬಳಸಲು ಅಡ್ಡಿಯಾದದ್ದು ಒಂದು ಪದ. ಇಎಸ್‌ಐ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಉಂಗುರ ಬೆರಳಿಗೆ 'ಬಿಗಿತ, ಚಲನೆ ಸೀಮಿತ' ಎಂದಿತ್ತು. ಸೀಮಿತ ಎಂದರೆ ಸ್ವಲ್ಪ ಇದೆ ಎಂದರ್ಥ; ಕಾನೂನು ಕೇಳುವುದು ಸಂಪೂರ್ಣ ಮತ್ತು ಶಾಶ್ವತ. ಅದೇ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಮತ್ತೆ ಪರೀಕ್ಷೆ ಮಾಡಿಸಲಾಯಿತು. ಗೋನಿಯೋಮೀಟರ್ ಇಟ್ಟು ಒಂದೊಂದು ಕೀಲಿನ ಚಲನೆಯನ್ನೂ ಡಿಗ್ರಿಯಲ್ಲಿ ಅಳೆದರು. ಉಂಗುರ ಬೆರಳಿನ ಮೂರೂ ಕೀಲುಗಳಲ್ಲಿ ಚಲನೆ ಸೊನ್ನೆ, ಎಕ್ಸ್‌ರೇನಲ್ಲಿ ಕೀಲುಗಳು ಬೆಸೆದುಕೊಂಡಿದ್ದವು, ಇನ್ನು ಚಿಕಿತ್ಸೆಯಿಂದ ಸುಧಾರಣೆ ನಿರೀಕ್ಷಿಸುವಂತಿಲ್ಲ ಎಂದು ಬರೆದುಕೊಟ್ಟರು. ವೈದ್ಯರಿಂದ ಶೇಕಡಾವಾರು ಕೇಳದೆ ಅಳತೆ ಕೇಳಿದ್ದೇ ಕೆಲಸಕ್ಕೆ ಬಂದದ್ದು. ಅಳತೆ ಕೊಡುವುದು ವೈದ್ಯರ ಕೆಲಸ, ಅದನ್ನು ಅನುಸೂಚಿಗೆ ಹೊಂದಿಸುವುದು ವಕೀಲರ ಕೆಲಸ.

ನಡುವೆ ಒಂದು ಗೊಂದಲವೂ ಆಯಿತು. ಆಪರೇಟರ್ ಯುಡಿಐಡಿ ಕಾರ್ಡಿಗೆಂದು (ಅಂಗವಿಕಲರ ಗುರುತಿನ ಚೀಟಿ) ಬೇರೆ ಆಸ್ಪತ್ರೆಯಲ್ಲಿ ಪ್ರಮಾಣಪತ್ರ ಮಾಡಿಸಿ, ಅದರ ಅಂಕಿಯನ್ನೇ ಬೋರ್ಡ್ ಒಪ್ಪಬೇಕೆಂದು ಕೂತಿದ್ದರು. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಸಂಬಂಧಿಸಿದ ಅಳತೆ, ದೇಹದ ಕೊರತೆಯನ್ನು ನೋಡುವಂಥದ್ದು. ಇಎಸ್‌ಐನದು ಗಳಿಕೆಯ ಸಾಮರ್ಥ್ಯದ ನಷ್ಟ. ಒಂದರ ಅಂಕಿ ಇನ್ನೊಂದಕ್ಕೆ ಸಲ್ಲುವುದಿಲ್ಲ. ಆ ಪ್ರಮಾಣಪತ್ರವನ್ನು ಅರ್ಜಿಗೆ ಲಗತ್ತಿಸಲಿಲ್ಲ.

ಎಲ್ಲಿಗೆ ಹೋಗುವುದು

ಬೋರ್ಡಿನ ತೀರ್ಮಾನ ತಲುಪಿದ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬೇಕು. ದಾರಿ ಎರಡು: ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿ, ಅಥವಾ ನೇರವಾಗಿ ನೌಕರರ ವಿಮಾ ನ್ಯಾಯಾಲಯ. ಮಂಡಳಿಗೆ ಹೋದರೆ ಸೋತ ಮೇಲೂ ವಿಮಾ ನ್ಯಾಯಾಲಯ ಎಂಬ ಇನ್ನೊಂದು ಮೆಟ್ಟಿಲು ಉಳಿಯುತ್ತದೆ. ನೇರ ನ್ಯಾಯಾಲಯಕ್ಕೆ ಹೋದರೆ ಮುಂದಿನದು ಹೈಕೋರ್ಟ್, ಅದೂ ಮಹತ್ವದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ.

ಶೇಕಡಾವಾರು ಒಂದೇ ತಕರಾರಾಗಿದ್ದರೆ ಮಂಡಳಿಯೇ ಸೂಕ್ತ. ಇಲ್ಲಿ ಸಂಬಳದ ವಿವಾದವೂ ಇತ್ತು, ಅದನ್ನು ತೀರ್ಮಾನಿಸುವ ಅಧಿಕಾರ 75ನೇ ಕಲಂ ಪ್ರಕಾರ ವಿಮಾ ನ್ಯಾಯಾಲಯಕ್ಕೆ. ಬೋರ್ಡಿನ ವಿರುದ್ಧದ ಮೇಲ್ಮನವಿಯೂ ಅದರ ಮುಂದೆಯೇ ಇದ್ದರೆ ನ್ಯಾಯಾಲಯ ಎಲ್ಲ ಪ್ರಶ್ನೆಗಳನ್ನೂ ತಾನೇ ತೀರ್ಮಾನಿಸಬಹುದು. ಮತ್ತೆ ಬೋರ್ಡಿಗೆ ಕಳಿಸಬೇಕಿಲ್ಲ. ಒಂದು ಮೆಟ್ಟಿಲು ಬಿಟ್ಟುಕೊಟ್ಟು ಎರಡೂ ವಿವಾದವನ್ನು ಒಂದೇ ಕಡೆ ಇಟ್ಟದ್ದು ಹೀಗೆ. ತೀರ್ಮಾನದ ಪತ್ರ ಕೈಸೇರಿದ 81ನೇ ದಿನ ಅರ್ಜಿ ದಾಖಲಾಯಿತು. ಅಷ್ಟು ತಡವಾಗಬಾರದಿತ್ತು, ಅಳತೆಯ ವರದಿಗೆ ಕಾದದ್ದು ಕಾರಣ. ಅರ್ಜಿ ಮೊದಲು ಹಾಕಿ ವರದಿಯನ್ನು ಆಮೇಲೆ ಸೇರಿಸಬಹುದಿತ್ತು.

ಕಡಿಮೆ ಶೇಕಡಾವಾರು ಬಂದವರು ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ದಿನದ ಭತ್ಯೆ ತೀರಾ ಚಿಕ್ಕದಾಗಿದ್ದರೆ ಅದನ್ನು ಒಂದೇ ಗಂಟಿಗೆ ಪರಿವರ್ತಿಸಿಕೊಳ್ಳಲು ಅವಕಾಶವಿದೆ. ಆದರೆ ಬೋರ್ಡಿನ ತೀರ್ಮಾನದ ಮೇಲೆ ಅರ್ಜಿ ಕೊಟ್ಟು ಆ ಗಂಟು ಪಡೆದವರು ಆಮೇಲೆ ಮೇಲ್ಮನವಿ ಹಾಕುವಂತಿಲ್ಲ. ಬೆರಳ ತುದಿ ಕಳೆದುಕೊಂಡ ಎಷ್ಟೋ ಜನ ಈ ಫಾರಂಗೆ ಏನೆಂದು ತಿಳಿಯದೆ ಸಹಿ ಹಾಕುತ್ತಾರೆ.

ಅರ್ಜಿಯಲ್ಲಿ ಏನು ಕೇಳಬೇಕೆಂಬುದರಲ್ಲೂ ಭಿನ್ನಾಭಿಪ್ರಾಯ ಇತ್ತು. 1976ರ ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಎಡಗೈ ಕಳೆದುಕೊಂಡ ಬಡಗಿಗೆ ಸುಪ್ರೀಂ ಕೋರ್ಟ್ ಶೇ. 100 ನಷ್ಟವೆಂದು ಒಪ್ಪಿತ್ತು; ಪ್ರೆಸ್ ಕೆಲಸವೇ ಇನ್ನು ಆಗದಿರುವುದರಿಂದ ಇವರಿಗೂ ಹಾಗೇ ಕೇಳಬೇಕೆಂದು ಒಂದು ವಾದ. ಆದರೆ ಆ ತೀರ್ಪು ಬಂದದ್ದು 1923ರ ಕಾಯ್ದೆಯಡಿ, ಕೈ ಹೋದದ್ದು ಮೊಣಕೈಗಿಂತಲೂ ಮೇಲಿನಿಂದ. ಅನುಸೂಚಿಯಲ್ಲೇ ಹೆಸರಿರುವ ಬೆರಳಿನ ಗಾಯಕ್ಕೆ ಅದನ್ನು ಎಳೆದು ತಂದಿದ್ದರೆ ಗಟ್ಟಿಯಾಗಿದ್ದ ಟಿಪ್ಪಣಿಯ ವಾದವೂ ಮಸುಕಾಗುತ್ತಿತ್ತು. ಹಾಗಾಗಿ ಕೇಳಿದ್ದು ಎರಡೇ: ಮೂರು ಬೆರಳಿನ ಬಳಕೆ ತಪ್ಪಿದ್ದರಿಂದ ಶೇ. 30, ಅದು ಆಗದಿದ್ದರೆ 11, 9 ಮತ್ತು ಉಂಗುರ ಬೆರಳಿಗೆ 7 ಸೇರಿಸಿ ಶೇ. 27.

ಕೆಲಸ ಹೋದ ಬಗೆ

ಭತ್ಯೆ ಪಡೆಯುತ್ತಿದ್ದ ಅವಧಿಯಲ್ಲೇ ಘಟಕ ಗೈರುಹಾಜರಿ ನೋಟಿಸ್ ಕಳಿಸಿ ಹೆಸರು ತೆಗೆದಿತ್ತು. 73ನೇ ಕಲಂ ಪ್ರಕಾರ ತಾತ್ಕಾಲಿಕ ಅಂಗವಿಕಲತೆ ಭತ್ಯೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಆಗ ಕೊಟ್ಟ ನೋಟಿಸ್‌ಗೆ ಬೆಲೆಯೂ ಇಲ್ಲ. ಆಪರೇಟರ್ ಅಂತಿಮ ಪ್ರಮಾಣಪತ್ರ ಹಿಡಿದು ಹೋಗಿ, ಬೇರೆ ಯಾವುದಾದರೂ ಕೆಲಸ ಕೊಡಿ ಎಂದು ಲಿಖಿತವಾಗಿ ಕೇಳಿದರು. 'ಕೈಯ ಈಗಿನ ಸ್ಥಿತಿಯಲ್ಲಿ ಪ್ರೆಸ್ ಕೆಲಸ ಸಾಧ್ಯವಿಲ್ಲ, ಬೇರೆ ಹುದ್ದೆ ಖಾಲಿ ಇಲ್ಲ' ಎಂದು ಘಟಕ 2022ರ ಡಿಸೆಂಬರ್ 31ಕ್ಕೆ ಅವರ ಕೆಲಸ ಮುಗಿಸಿತು. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆಯಬಾರದೆಂಬ 2016ರ ಕಾಯ್ದೆಯ 20ನೇ ಕಲಂ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಇಲ್ಲಿ ನೆರವಿಗೆ ಬರಲಿಲ್ಲ.

ಆದರೆ ಘಟಕದ ಆ ಪತ್ರವೇ ಗ್ರಾಚ್ಯುಟಿಗೆ ಆಧಾರವಾಯಿತು. ಐದು ವರ್ಷ ತುಂಬದೆ ಗ್ರಾಚ್ಯುಟಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಸಾವು ಅಥವಾ ಅಂಗವಿಕಲತೆಯಿಂದ ಕೆಲಸ ಮುಗಿದರೆ ಆ ಷರತ್ತು ಇಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯ 4ನೇ ಕಲಂ ಅಂಗವಿಕಲತೆ ಎನ್ನುವುದು ಮೊದಲು ಮಾಡುತ್ತಿದ್ದ ಕೆಲಸ ಇನ್ನು ಮಾಡಲಾಗದ ಸ್ಥಿತಿಗೆ. ಶೇಕಡಾವಾರಿನ ಮಾತೇ ಅಲ್ಲಿಲ್ಲ. ಗೈರುಹಾಜರಿ ಎಂಬ ಕಾರಣ ಉಳಿದಿದ್ದರೆ ಈ ವಿನಾಯಿತಿ ಸಿಗುತ್ತಿರಲಿಲ್ಲ.

2018ರಿಂದ ಕೆಲಸದಲ್ಲಿದ್ದರೆಂದು ತೋರಿಸಿದ್ದು ಮೂರು ನಗದು ವೋಚರ್ ಮತ್ತು ಫೋನಿನಲ್ಲಿದ್ದ 2019ರ ಆಯುಧ ಪೂಜೆಯ ಫೋಟೊ: ಹೂವು, ಕುಂಬಳಕಾಯಿ ಇಟ್ಟ ಅದೇ ಪ್ರೆಸ್ಸಿನ ಮುಂದೆ ಮಾಲೀಕರ ಪಕ್ಕ ಆಪರೇಟರ್ ನಿಂತಿದ್ದಾರೆ. ಗ್ರಾಚ್ಯುಟಿ ಪ್ರಾಧಿಕಾರ ಅದನ್ನು ಪರಿಗಣಿಸಿ ನಾಲ್ಕು ವರ್ಷ ಎಂದು ಹಿಡಿಯಿತು. 12,600ನ್ನು 26ರಿಂದ ಭಾಗಿಸಿ 15 ಮತ್ತು 4ರಿಂದ ಗುಣಿಸಿದರೆ 29,077 ರೂಪಾಯಿ. ಇಲ್ಲಿ ಇನ್ಸೆಂಟಿವ್ ಸೇರುವುದಿಲ್ಲ. 1972ರ ಕಾಯ್ದೆಯಲ್ಲಿ ಗ್ರಾಚ್ಯುಟಿಯ ವೇತನವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಅಷ್ಟೇ ಆಗಿತ್ತು.

ಅದೇ 3,600 ಇಎಸ್‌ಐನಲ್ಲಿ ಸೇರುತ್ತದೆ. 2(22) ಕಲಂ ಪ್ರಕಾರ ಎರಡು ತಿಂಗಳಿಗೆ ಮೀರದ ಅಂತರದಲ್ಲಿ ಕೊಡುವ ಹೆಚ್ಚುವರಿ ಸಂಭಾವನೆಯೂ ವೇತನವೇ. ಬ್ಯಾಂಕ್ ನಮೂದಿನಲ್ಲಿ ಅದು ತಿಂಗಳು ತಪ್ಪದೆ ಬಿದ್ದಿತ್ತು. ವರ್ಷಕ್ಕೊಮ್ಮೆ ಕೊಟ್ಟಿದ್ದರೆ ಸೇರುತ್ತಿರಲಿಲ್ಲ.

ಆದೇಶ

2024ರ ಡಿಸೆಂಬರ್‌ನಲ್ಲಿ ವಿಮಾ ನ್ಯಾಯಾಲಯ ಶೇ. 27 ಎಂದು ತೀರ್ಮಾನಿಸಿತು. ತೋರು, ನಡುಬೆರಳುಗಳ ಬುಡದ ಕೀಲು ಇನ್ನೂ ಆಡುತ್ತದೆ, ಹಾಗಾಗಿ ಅವು ಪೂರ್ತಿ ಹೋದಂತಲ್ಲ. ಉಂಗುರ ಬೆರಳು ಮಾತ್ರ ಹೋದದ್ದಕ್ಕೆ ಸಮ ಎಂಬುದು ಕಾರಣ. ಶೇ. 30 ನಿರಾಕರಿಸಿದ್ದೂ ಅಳತೆಯ ಅದೇ ವರದಿಯ ಮೇಲೆ. ದಿನಗೂಲಿ 540 ಎಂದು ಒಪ್ಪಿತು.

ಮೊದಲಿನ ಲೆಕ್ಕದಲ್ಲಿ ಶೇ. 20ಕ್ಕೆ ದಿನಕ್ಕೆ 75.60 ಬರುತ್ತಿತ್ತು. ಶೇಕಡಾವಾರು ಮಾತ್ರ ತಿದ್ದಿದ್ದರೆ 102.06. ಎರಡೂ ತಿದ್ದಿದ ಮೇಲೆ 131.22. ತಿಂಗಳಿಗೆ 2,268 ಇದ್ದದ್ದು 3,936 ದಾಟಿತು, ಹೆಚ್ಚಳದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಸಂಬಳದ ತಿದ್ದುಪಡಿಯಿಂದ. 760 ದಿನಗಳ ಬಾಕಿ 42,271 ರೂಪಾಯಿ, ತಾತ್ಕಾಲಿಕ ಭತ್ಯೆಯ ವ್ಯತ್ಯಾಸ 12,744. ಗಾಯದ ಪರಿಣಾಮ ಮುಂದೆ ಅನಿರೀಕ್ಷಿತವಾಗಿ ಹದಗೆಟ್ಟರೆ 55ನೇ ಕಲಮಿನಡಿ ಮರುಪರಿಶೀಲನೆ ಕೇಳಬಹುದು, ಅಂತಿಮ ತೀರ್ಮಾನವಾಗಿ ಐದು ವರ್ಷ ಕಳೆದ ಮೇಲೆ. ಅದಕ್ಕಾಗಿ ಅಳತೆಯ ಮೂಲ ವರದಿ, ಎಕ್ಸ್‌ರೇ ಫಿಲ್ಮ್ ಜೋಪಾನ ಮಾಡಿಡಲು ಹೇಳಲಾಗಿದೆ.

ಹಣ ಕೈಗೆ ಸಿಗುವ ಮುನ್ನ ಕೊನೆಯದೊಂದು ತೊಡಕು ಬಂತು. ಆಪರೇಟರ್ ಈಗ ಎಡಗೈಯಲ್ಲಿ ಬರೆಯುತ್ತಾರೆ. ಕ್ಲೇಮ್ ಫಾರಂನ ಸಹಿ ಇಎಸ್‌ಐ ಕಡತದ ಹಳೆಯ ಸಹಿಗೆ ಹೊಂದಲಿಲ್ಲ, ಬ್ಯಾಂಕಿನಲ್ಲೂ ಅದೇ ಕತೆ. ಶಾಖಾ ಮ್ಯಾನೇಜರ್ ಎದುರು ಎಡಗೈ ಹೆಬ್ಬೆಟ್ಟು ಮತ್ತು ಹೊಸ ಸಹಿಯ ಮಾದರಿ ಕೊಟ್ಟು, ಬ್ಯಾಂಕಿನಲ್ಲಿ ಮಾದರಿ ಸಹಿ ಬದಲಿಸಿಕೊಳ್ಳಲು ಮೂರು ವಾರ ಹಿಡಿಯಿತು. ಇದನ್ನು ಆಸ್ಪತ್ರೆಯಿಂದ ಬಂದ ಮೊದಲ ತಿಂಗಳಲ್ಲೇ ಮುಗಿಸಬಹುದಿತ್ತು. ಭತ್ಯೆ ನಿಲ್ಲದಿರಲು ಕಾಲಕಾಲಕ್ಕೆ ಕೊಡಬೇಕಾದ ಜೀವಂತ ಪ್ರಮಾಣಪತ್ರಕ್ಕೂ ಈಗ ಅವರು ಆ ಹೊಸ ಸಹಿಯನ್ನೇ ಹಾಕುತ್ತಾರೆ.